ಉತ್ತ ನೆಲದ ಒರಟುತನವೂ ದೂರಸಂವೇದಿಯ ಸಾಕ್ಷ್ಯವೂ

ಉತ್ತ ಹೊಲದ ಮೇಲ್ಮೈ ಎಷ್ಟು ಒರಟಾಗಿದೆಯೆಂಬುದನ್ನು ಸೂಜಿಹಲಗೆಯಿಂದಲೂ ಸರಪಣಿಯಿಂದಲೂ ಅಳೆಯುತ್ತಿದ್ದ ವಿದ್ವಾಂಸರು, ಕಳೆದ ಅರ್ಧ ಶತಮಾನದಲ್ಲಿ ಅದೇ ಕಾರ್ಯವನ್ನು ಮೊದಲು ವಿಮಾನದಿಂದಲೂ ಅನಂತರ ಉಪಗ್ರಹದಿಂದಲೂ ರೇಡಾರಿನ ಮೂಲಕ ನೆರವೇರಿಸಲು ಯತ್ನಿಸುತ್ತ ಬಂದಿದ್ದಾರೆ. ಈ ಯತ್ನದಿಂದ ಹುಟ್ಟಿದ ಸಾಹಿತ್ಯ ವಿಪುಲವಾಗಿದೆ. ಅದು ಮಣ್ಣುವಿಜ್ಞಾನಿಗಳಿಗೂ ಭೌತವಿಜ್ಞಾನಿಗಳಿಗೂ ಸೇರಿದ ಕ್ಷೇತ್ರ. ಇತಿಹಾಸದ ಅಧ್ಯಾಪಕರಾದ ನಾವು ಅಲ್ಲಿ ಕಾಲಿಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೂ ಕಾಲಿಡದೆ ಗತ್ಯಂತರವಿಲ್ಲ. 1991ರಲ್ಲಿ ಯುರೋಪಿನವರು ಹಾರಿಸಿದ ಇಆರ್‌ಎಸ್-1 ಉಪಗ್ರಹವು ಮೊದಲಾಗಿ, ನಮ್ಮ ದೇಶದ 2012ರ ರಿಸ್ಯಾಟ್-1, ಯುರೋಪಿನ 2014ರ ಸೆಂಟಿನೆಲ್-1ಎ, 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಮೇಲೇರಿದ ನಿಸಾರ್ ಇವುಗಳವರೆಗೆ, ರೇಡಾರ್ ಚಿತ್ರಗಳ ಭಂಡಾರವೊಂದು ಬೆಳೆಯುತ್ತಿದೆ. ಎತ್ತಿನ ನೇಗಿಲು ಹಿಂದೆ ಸರಿದು ಟ್ರ್ಯಾಕ್ಟರು ಹೊಲಗಳನ್ನು ತುಂಬಿದ ಕಾಲದ ಬಹುಭಾಗ ಈ ಭಂಡಾರದ ಕಾಲವೇ ಆಗಿದೆ. ಮುಂದೆ ಈ ದಶಕಗಳ ಬೇಸಾಯದ ಚರಿತ್ರೆಯನ್ನು ಬರೆಯುವವನು ಕಂದಾಯದ ಕಡತವನ್ನು ತೆರೆದಂತೆಯೇ ಈ ಭಂಡಾರವನ್ನೂ ತೆರೆಯಬೇಕಾಗುತ್ತದೆ. ಆಗ ಅವನ ಕೈಗೆ ದೊರೆಯುವ 'ಒರಟುತನ'ವೆಂಬ ಅಂಕಿ ಏನನ್ನು ಹೇಳುತ್ತದೆ, ಯಾರ ಪರವಾಗಿ ಹೇಳುತ್ತದೆ ಎಂಬುದೇ ಪ್ರಕೃತ ಲೇಖನದ ವಿಚಾರ.

ಶಾಸನವೊಂದು ದೊರೆತಾಗ ಅದರ ಅರ್ಥಕ್ಕೆ ಹೋಗುವ ಮೊದಲು, ಅದನ್ನು ಯಾರು, ಎಲ್ಲಿ, ಎಂದು, ಯಾವ ಉದ್ದೇಶದಿಂದ ಕೊರೆಯಿಸಿದರೆಂದು ಕೇಳುವುದು ನಮ್ಮ ಶಾಸ್ತ್ರದ ಪ್ರಥಮ ಪಾಠ. ಅಳತೆಯ ಅಂಕಿಯನ್ನು ಮಾತ್ರ ಈ ಪ್ರಶ್ನೆಗಳಿಂದ ಮುಕ್ತವೆಂದು ನಾವು ಭಾವಿಸುತ್ತೇವೆ. ಅಂಕಿಗೆ ಕರ್ತೃವಿಲ್ಲ, ಪಕ್ಷಪಾತವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಒರಟುತನದ ಅಂಕಿಯ ಮಟ್ಟಿಗಾದರೂ ಈ ನಂಬಿಕೆ ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಮೊದಲು ನೆಲದ ಮೇಲಿನ ಅಳತೆಯನ್ನೇ ನೋಡೋಣ. 1957ರಲ್ಲಿ ನೆದರ್ಲೆಂಡ್ಸಿನ ಕೈಪರ್ಸ್ ಎಂಬ ವಿದ್ವಾಂಸನು ಉಳುಮೆಯ ಅಧ್ಯಯನಕ್ಕಾಗಿ ಒಂದು ಉಪಕರಣವನ್ನು ವರ್ಣಿಸಿದನು. ಒಂದು ಚೌಕಟ್ಟಿನಲ್ಲಿ ಸಾಲಾಗಿ ನಿಲ್ಲಿಸಿದ ಸೂಜಿಗಳನ್ನು ಮಣ್ಣಿನ ಮೇಲೆ ಸಡಿಲ ಬಿಟ್ಟರೆ, ಒಂದೊಂದೂ ತನ್ನ ಕೆಳಗಿನ ಹೆಂಟೆಯ ಮೇಲೋ ಹಳ್ಳದಲ್ಲೋ ನಿಲ್ಲುತ್ತದೆ. ಸೂಜಿಗಳ ತಲೆಯ ಎತ್ತರವನ್ನು ಓದಿಕೊಂಡರೆ ನೆಲದ ಏರಿಳಿತ ಸಿಕ್ಕುತ್ತದೆ. ಈ ಎತ್ತರಗಳು ಸರಾಸರಿಯಿಂದ ಎಷ್ಟು ದೂರ ಚದರಿವೆಯೆಂಬುದನ್ನು ತೋರಿಸುವ ಮಾನಕ ವಿಚಲನೆಯನ್ನು ಕಂಡುಹಿಡಿದು, ಅದರ ಲಾಗರಿತಮ್ಮನ್ನು ನೂರರಿಂದ ಗುಣಿಸಿ, ಹೊಲಕ್ಕೆ ಒಂದೇ ಅಂಕಿಯನ್ನು ಆತನು ಕೊಟ್ಟನು. ಉಪಾಯ ಸರಳ, ಉಪಕರಣ ಅಗ್ಗ; ಎರಡು ಬಗೆಯ ನೇಗಿಲುಗಳ ಕೆಲಸವನ್ನು ಒಂದೇ ಹೊಲದಲ್ಲಿ ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಆದರೆ ಮಾನಕ ವಿಚಲನೆಯ ಒಂದು ಗುಣವನ್ನು ಗಮನಿಸಬೇಕು. ಸೂಜಿಗಳ ಎತ್ತರಗಳನ್ನು ಅದಲುಬದಲು ಮಾಡಿ ಯಾವ ಕ್ರಮದಲ್ಲಿಟ್ಟರೂ ಅದು ಬದಲಾಗುವುದಿಲ್ಲ. ಒಂದು ದೊಡ್ಡ ಸಾಲು, ಒಂದು ದೊಡ್ಡ ದಿಂಡು ಇರುವ ನೆಲಕ್ಕೂ, ಅದೇ ಎತ್ತರಗಳು ಹೆಂಟೆಹೆಂಟೆಯಾಗಿ ಹರಡಿರುವ ನೆಲಕ್ಕೂ ಅಂಕಿ ಒಂದೇ. ಶಾಸನದಲ್ಲಿ 'ಕ'ಕಾರಗಳೆಷ್ಟು, 'ರ'ಕಾರಗಳೆಷ್ಟು ಎಂದು ಎಣಿಸಿಟ್ಟು, ಅಕ್ಷರಗಳ ಕ್ರಮವನ್ನು ಬಿಟ್ಟರೆ ಎಷ್ಟು ತಿಳಿದೀತೋ ಅಷ್ಟೇ ಇದರಿಂದಲೂ ತಿಳಿಯುವುದು.

1966ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಆಲ್ಮರಾಸ್, ಬರ್ವೆಲ್, ಲಾರ್ಸನ್, ಹೋಲ್ಟ್ ಎಂಬ ನಾಲ್ವರು ಪ್ರಕಟಿಸಿದ ವರದಿ ಈ ವಿಷಯದಲ್ಲಿ ಇಂದಿಗೂ ಆಧಾರಗ್ರಂಥವೆನಿಸಿದೆ. 'ಯಾದೃಚ್ಛಿಕ ಒರಟುತನ'ವೆಂಬ ಕಲ್ಪನೆಯನ್ನು ನೆಲೆಗೊಳಿಸಿದವರು ಅವರು. ಅವರ ವಿಧಾನದಲ್ಲಿ ಎತ್ತರಗಳಿಂದ ಮೊದಲು ಹೊಲದ ಇಳಿಜಾರನ್ನು ಕಳೆಯುತ್ತಾರೆ. ಅನಂತರ ಉಪಕರಣವು ಎಳೆದ ಸಾಲುಗಳ ಗುರುತನ್ನು ಕಳೆಯುತ್ತಾರೆ. ಆಮೇಲೆ ಅತಿ ಎತ್ತರದ ಶೇಕಡ 10ನ್ನೂ ಅತಿ ತಗ್ಗಿನ ಶೇಕಡ 10ನ್ನೂ ತೆಗೆದುಹಾಕುತ್ತಾರೆ. ಉಳಿದುದೇ ಒರಟುತನ. ನೀರು ಎಷ್ಟು ಇಂಗುತ್ತದೆ, ಎಷ್ಟು ಹೊತ್ತು ಹೆಂಟೆಗಳ ನಡುವೆ ನಿಲ್ಲುತ್ತದೆ ಎಂದು ಹುಡುಕುತ್ತಿದ್ದವರಿಗೆ ಈ ಕಳೆಯುವಿಕೆ ನ್ಯಾಯವಾದುದೇ. ಆದರೆ ಇಲ್ಲಿ ಕಳೆದು ಬಿಸುಟದ್ದು ಏನು? ಬೇಸಾಯಗಾರನು ಬುದ್ಧಿಪೂರ್ವಕವಾಗಿ ಮಾಡಿದ ಭಾಗ. ಉಳಿಸಿಕೊಂಡದ್ದು, ಅವನ ಇಚ್ಛೆಗೆ ಹೊರತಾಗಿ ಮಣ್ಣು ತಾನಾಗಿ ಒಡೆದ ಭಾಗ. ಚರಿತ್ರಕಾರನಿಗೆ ಬೇಕಾದುದೂ ಜಲವಿಜ್ಞಾನಿಗೆ ಬೇಕಾದುದೂ ಒಂದೇ ಹೊಲದಲ್ಲಿ ಎದುರುಬದುರಾಗಿ ನಿಂತಿರುವುದು ಇಲ್ಲಿ ಸ್ಫುಟವಾಗಿ ಕಾಣುತ್ತದೆ.

ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. 1960ರ ದಶಕದಲ್ಲಿ ಬಿ. ಬಿ. ಲಾಲ್ ಮತ್ತು ಬಿ. ಕೆ. ಥಾಪರ್ ಅವರ ನೇತೃತ್ವದಲ್ಲಿ ರಾಜಸ್ಥಾನದ ಕಾಲಿಬಂಗನ್ನಿನಲ್ಲಿ ನಡೆದ ಉತ್ಖನನದಲ್ಲಿ, ಹರಪ್ಪಾಪೂರ್ವ ಊರಿನ ಕೋಟೆಗೋಡೆಯ ಹೊರಗೆ ಆಗ್ನೇಯ ದಿಕ್ಕಿನಲ್ಲಿ ಒಂದು ಉತ್ತ ಹೊಲವೇ ದೊರೆಯಿತು. ಕ್ರಿ.ಪೂ. 3ನೆಯ ಸಹಸ್ರಮಾನದ ಮೊದಲ ಭಾಗಕ್ಕೆ ಸೇರಿದ ಈ ನೆಲ, ಮೇಲೆ ಕಸ ಮಣ್ಣು ಮುಚ್ಚಿಕೊಂಡುದರಿಂದ ನೇಗಿಲ ಗೆರೆಯನ್ನು ಹಾಗೆಯೇ ಉಳಿಸಿಕೊಂಡಿತ್ತು. ಅಲ್ಲಿ ಸಾಲುಗಳು ಒಂದನ್ನೊಂದು ಅಡ್ಡ ಹಾಯುತ್ತವೆ: ಪೂರ್ವ ಪಶ್ಚಿಮವಾಗಿ ಸುಮಾರು 30 ಸೆಂಟಿಮೀಟರ್ ಅಂತರದ ಒತ್ತಾದ ಸಾಲುಗಳು, ದಕ್ಷಿಣೋತ್ತರವಾಗಿ ಸುಮಾರು 190 ಸೆಂಟಿಮೀಟರ್ ಅಂತರದ ವಿರಳ ಸಾಲುಗಳು. ಆ ಸೀಮೆಯ ರೈತರು 20ನೆಯ ಶತಮಾನದಲ್ಲಿಯೂ ಹೀಗೆಯೇ ಉತ್ತು, ವಿರಳ ಸಾಲಿನಲ್ಲಿ ಸಾಸಿವೆಯನ್ನೂ ಒತ್ತಾದ ಸಾಲಿನಲ್ಲಿ ದ್ವಿದಳ ಧಾನ್ಯವನ್ನೂ ಬಿತ್ತುತ್ತಿದ್ದುದನ್ನು ಉತ್ಖನನಕಾರರು ಗಮನಿಸಿ, ಪ್ರಾಚೀನ ಹೊಲದಲ್ಲಿಯೂ ಎರಡು ಬೆಳೆಗಳನ್ನು ಒಟ್ಟಿಗೆ ತೆಗೆಯುತ್ತಿದ್ದಿರಬೇಕೆಂದು ಊಹಿಸಿದರು. ಈ ಊಹೆಯ ಬಲವೆಲ್ಲ ಸಾಲಿನ ಅಂತರದಲ್ಲಿಯೂ ದಿಕ್ಕಿನಲ್ಲಿಯೂ ಇದೆ. ಅದೇ ಹೊಲವನ್ನು 1966ರ ವಿಧಾನದಿಂದ ಅಳೆದಿದ್ದರೆ ಎರಡೂ ಮೊದಲ ಹಂತದಲ್ಲಿಯೇ ಕಳೆದುಹೋಗಿ, ಯಾವ ಊರಿನ ಯಾವ ನೆಲಕ್ಕಾದರೂ ಹೊಂದಬಹುದಾದ ಒಂದು ಅಂಕಿ ಮಾತ್ರ ಉಳಿಯುತ್ತಿತ್ತು.

ಸರಪಣಿಯ ವಿಧಾನವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. 1993ರಲ್ಲಿ ಸಲೇ ಎಂಬುವರು ಸೂಚಿಸಿದಂತೆ, ಗೊತ್ತಾದ ಉದ್ದದ ಸರಪಣಿಯನ್ನು ಹೊಲದ ಮೇಲೆ ಹಾಸಿ, ಉಬ್ಬುತಗ್ಗುಗಳಲ್ಲಿ ಇಳಿದು ಏರಿ ಅದು ಎಷ್ಟು ಗಿಡ್ಡವಾಯಿತೆಂದು ನೋಡುವುದು ಈ ಕ್ರಮ. 2 ಸೆಂಟಿಮೀಟರಿನ ದಿಂಡುಗಳಾಗಲಿ 20 ಸೆಂಟಿಮೀಟರಿನ ದಿಂಡುಗಳಾಗಲಿ, ಅವುಗಳ ಓರೆ ಒಂದೇ ಆಗಿದ್ದರೆ ಸರಪಣಿ ಒಂದೇ ಪ್ರಮಾಣದಲ್ಲಿ ಗಿಡ್ಡವಾಗುತ್ತದೆಂಬುದು ರೇಖಾಗಣಿತ ಬಲ್ಲ ಬಾಲಕನಿಗೂ ಹೊಳೆಯಬೇಕು. 1997ರಲ್ಲಿ ಸ್ಕಿಡ್‌ಮೋರ್ ಈ ಬಗೆಯ ಆಕ್ಷೇಪವನ್ನೆತ್ತಿದ ಮೇಲೆಯೂ ವಿಧಾನ ಬಳಕೆಯಿಂದ ಹೋಗಲಿಲ್ಲ. ಸುಲಭವಾದ ಅಳತೆಗೆ ಆಯುಷ್ಯ ಹೆಚ್ಚು.

ಇನ್ನು ರೇಡಾರಿಗೆ ಬರೋಣ. ರೇಡಾರು ತಾನೇ ಕಿರಣವನ್ನು ಕಳುಹಿಸಿ, ನೆಲದಿಂದ ತನ್ನ ಕಡೆಗೆ ಹಿಂದಿರುಗಿದ ಅಂಶವನ್ನು ಅಳೆಯುತ್ತದೆ. ನೆಲ ನುಣುಪಾಗಿದ್ದರೆ ಕಿರಣ ಕನ್ನಡಿಯ ಮೇಲೆ ಬಿದ್ದಂತೆ ಆಚೆಗೆ ಸಿಡಿದುಹೋಗಿ ಚಿತ್ರ ಕಪ್ಪಾಗುತ್ತದೆ. ಒರಟಾಗಿದ್ದರೆ ನಾನಾ ಕಡೆಗೆ ಚದರಿ, ಒಂದು ಪಾಲು ಹಿಂದಿರುಗಿ, ಚಿತ್ರ ಬೆಳ್ಳಗಾಗುತ್ತದೆ. ಯಾವುದು ನುಣುಪು, ಯಾವುದು ಒರಟು? ರ್‍ಯಾಲೆಯ ಹೆಸರಿನ ನಿಯಮದ ಪ್ರಕಾರ, ಕಿರಣದ ತರಂಗಾಂತರವನ್ನು ಪತನಕೋನದ ಕೊಸೈನಿನ ಎಂಟರಷ್ಟರಿಂದ ಭಾಗಿಸಿದರೆ ಬರುವ ಎತ್ತರವೇ ಎಲ್ಲೆ. ಸೆಂಟಿನೆಲ್-1ರ ತರಂಗಾಂತರ ಸುಮಾರು 5.6 ಸೆಂಟಿಮೀಟರ್, ಕೋನವನ್ನು 35 ಡಿಗ್ರಿಯೆಂದು ಇಟ್ಟುಕೊಂಡರೆ ಎಲ್ಲೆ 0.85 ಸೆಂಟಿಮೀಟರಿಗೆ ನಿಲ್ಲುತ್ತದೆ. ನಿಸಾರ್ ಉಪಗ್ರಹದ ಎರಡು ರೇಡಾರುಗಳಲ್ಲಿ ಉದ್ದ ತರಂಗದ್ದು ಸುಮಾರು 24 ಸೆಂಟಿಮೀಟರ್. ಅದರ ಎಲ್ಲೆ 3.7 ಸೆಂಟಿಮೀಟರಿನ ಹತ್ತಿರ. ಹೀಗಿರುವಲ್ಲಿ, 2 ಸೆಂಟಿಮೀಟರ್ ಏರಿಳಿತವುಳ್ಳ ಹೊಲವೊಂದು ಒಂದು ಉಪಗ್ರಹಕ್ಕೆ ಒರಟು, ಇನ್ನೊಂದಕ್ಕೆ ನುಣುಪು. ಎರಡೂ ಸುಳ್ಳು ಹೇಳುತ್ತಿಲ್ಲ. ಒರಟುತನವು ಹೊಲದಲ್ಲಿ ಮಾತ್ರ ಇರುವ ಗುಣವಲ್ಲ, ಹೊಲಕ್ಕೂ ನೋಡುವ ಕಿರಣಕ್ಕೂ ನಡುವಣ ಸಂಬಂಧವೆಂದು ತಿಳಿಯಬೇಕು. ಈ ಮಾತನ್ನು ಭೌತವಿಜ್ಞಾನಿಗಳು ಚೆನ್ನಾಗಿ ಬಲ್ಲರು. ಆದರೆ ಅಂಕಿಯು ಪ್ರಬಂಧದಿಂದ ಪ್ರಬಂಧಕ್ಕೆ, ಅಲ್ಲಿಂದ ನಕ್ಷೆಗೆ, ನಕ್ಷೆಯಿಂದ ನಮ್ಮಂಥವರ ಕೈಗೆ ಸಾಗುವಾಗ ತರಂಗಾಂತರದ ಮಾತು ಹಿಂದೆ ಉಳಿದುಬಿಡುತ್ತದೆ.

ದಿಕ್ಕಿನ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಸಾಲಿಗೆ ಅಡ್ಡವಾಗಿ ನೋಡಿದ ರೇಡಾರಿಗೆ ಹೊಲ ಬೆಳ್ಳಗೆ ಕಾಣುತ್ತದೆ; ಸಾಲಿನ ಗುಂಟ ನೋಡಿದರೆ ಅದೇ ಹೊಲ ಮಂಕಾಗುತ್ತದೆ. ಉಲಬಿ ಮತ್ತು ಬೇರ್ 1979ರಲ್ಲಿಯೇ ಈ ದಿಕ್ಕಿನ ಪ್ರಭಾವವನ್ನು ವಿವೇಚಿಸಿದ್ದರು. ಇಂಥ ಉಪಗ್ರಹಗಳು ಹೆಚ್ಚುಕಡಮೆ ಧ್ರುವದಿಂದ ಧ್ರುವಕ್ಕೆ ಸಂಚರಿಸುತ್ತ ಪಕ್ಕಕ್ಕೆ ನೋಡುವುದರಿಂದ, ನಮ್ಮ ಅಕ್ಷಾಂಶಗಳಲ್ಲಿ ಅವುಗಳ ದೃಷ್ಟಿ ಸುಮಾರಾಗಿ ಪೂರ್ವಕ್ಕೋ ಪಶ್ಚಿಮಕ್ಕೋ ಇರುತ್ತದೆ. ಉತ್ತರದಿಂದ ದಕ್ಷಿಣಕ್ಕೆ ನೋಡುವ ಉಪಗ್ರಹ ನಮಗೆ ದೊರೆಯುವುದಿಲ್ಲ. ಕಾಲಿಬಂಗನ್ನಿನ ಹೊಲದ ಮೇಲೆ ಅಂದು ಸೆಂಟಿನೆಲ್ ಹಾರಿದ್ದಿತೆಂದು ಕಲ್ಪಿಸಿಕೊಳ್ಳೋಣ. ದಕ್ಷಿಣೋತ್ತರವಾದ ವಿರಳ ಸಾಲುಗಳು ಅದರ ದೃಷ್ಟಿಗೆ ಅಡ್ಡವಾಗಿ ಬೀಳುತ್ತಿದ್ದುವು; ಪೂರ್ವ ಪಶ್ಚಿಮವಾದ ಒತ್ತಾದ ಸಾಲುಗಳು ದೃಷ್ಟಿಯ ಗುಂಟ ಮಲಗಿ ಬಹುಮಟ್ಟಿಗೆ ಮರೆಯಾಗುತ್ತಿದ್ದುವು. ಸಾಸಿವೆಯ ಸಾಕ್ಷ್ಯ ಪ್ರಬಲವಾಗಿ, ಧಾನ್ಯದ ಸಾಕ್ಷ್ಯ ದುರ್ಬಲವಾಗಿ ದಾಖಲೆಯಾಗುತ್ತಿತ್ತು. ಹತ್ತಿಪ್ಪತ್ತು ಮೀಟರಿನ ಚೌಕವೊಂದರ ಒಟ್ಟು ಹೊಳಪನ್ನು ಕೊಡುವ ಆ ಚಿತ್ರದಲ್ಲಿ ಸಾಲುಗಳು ಬಿಡಿಬಿಡಿಯಾಗಿ ಕಾಣುವಂತೆಯೂ ಇಲ್ಲ. ಸಂಶೋಧನ ಪ್ರಬಂಧಗಳಲ್ಲಿ ಈ ಪ್ರಭಾವವನ್ನು ಸಾಮಾನ್ಯವಾಗಿ 'ದೋಷ'ದ ಪಟ್ಟಿಯಲ್ಲಿ ಸೇರಿಸಿ, ಅದನ್ನು ನಿವಾರಿಸುವ ಬಗೆಯನ್ನು ಚರ್ಚಿಸುತ್ತಾರೆ. ರೈತನು ಇಳಿಜಾರನ್ನೋ ಗಾಳಿಯನ್ನೋ ಹೊಲದ ಉದ್ದವನ್ನೋ ನೋಡಿ ಆರಿಸಿಕೊಂಡ ದಿಕ್ಕು ಹೇಗೆ ದೋಷವಾದೀತೆಂದು ನಮಗೆ ಅರ್ಥವಾಗಿಲ್ಲ.

ಕ್ರಮವನ್ನು ಕಾಣದ ಮಾನಕ ವಿಚಲನೆಯ ಕೊರತೆಯನ್ನು ತುಂಬಲು ರೇಡಾರ್ ವಿದ್ವಾಂಸರು ಇನ್ನೊಂದು ಅಂಕಿಯನ್ನು ಜೊತೆಗಿಟ್ಟುಕೊಳ್ಳುತ್ತಾರೆ. ನೆಲದ ಒಂದು ಬಿಂದುವಿನ ಎತ್ತರಕ್ಕೂ ಪಕ್ಕದ ಬಿಂದುವಿನ ಎತ್ತರಕ್ಕೂ ಎಷ್ಟು ದೂರದವರೆಗೆ ನಂಟು ಉಳಿದಿರುತ್ತದೆಂಬುದನ್ನು ಅದು ತಿಳಿಸುತ್ತದೆ. 'ಸಹಸಂಬಂಧದ ದೂರ' ಎನ್ನಬಹುದು. ಕಲ್ಪನೆ ಉತ್ತಮವಾದುದು. ಆದರೆ ಹೊಲದಲ್ಲಿ ಅದನ್ನು ಅಳೆಯಹೋದರೆ, ಗಿಡ್ಡ ಹಲಗೆಯಿಂದ ಒಂದು ಬೆಲೆಯೂ ಉದ್ದ ಹಲಗೆಯಿಂದ ಇನ್ನೊಂದು ಬೆಲೆಯೂ ಬರುತ್ತದೆ. 2000ದಲ್ಲಿ ಡೇವಿಡ್‌ಸನ್ ಮತ್ತು ಸಂಗಡಿಗರು ಲೇಸರ್ ಉಪಕರಣದಿಂದ 25 ಮೀಟರ್ ಉದ್ದದವರೆಗಿನ ನೆಲದ ಪಾರ್ಶ್ವರೇಖೆಗಳನ್ನು ತೆಗೆದು ಈ ತೊಡಕನ್ನು ಕೂಲಂಕಷವಾಗಿ ಪರೀಕ್ಷಿಸಿದರು. 2008ರಲ್ಲಿ ವೆರ್‌ಹೂಸ್ಟ್ ಮೊದಲಾದವರು ಬರೆದ ಸಮೀಕ್ಷೆ ಇಂಥ ತೊಡಕುಗಳನ್ನೆಲ್ಲ ಒಂದೆಡೆ ತಂದು, ಯಾವುದನ್ನೂ ಮುಚ್ಚಿಡದೆ ನಮ್ಮ ಮುಂದಿರಿಸುತ್ತದೆ. ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ಇತಿಹಾಸದ ವಿದ್ಯಾರ್ಥಿ ಓದಬೇಕಾದ ಮೊದಲ ಬರಹ ಅದೇ.

ಈ ತೊಡಕಿನಿಂದ ಪಾರಾಗಲು ಹಿಡಿದ ಒಂದು ದಾರಿಯನ್ನು ಮಾತ್ರ ನಾವು ವಿಮರ್ಶಿಸದೆ ಬಿಡಲಾರೆವು. ಸಹಸಂಬಂಧದ ದೂರವನ್ನು ಹೊಲದಲ್ಲಿ ನೆಚ್ಚಿಗೆಯಾಗಿ ಅಳೆಯಲಾಗದೆಂದಾದ ಮೇಲೆ, 2002ರಿಂದೀಚೆಗೆ ಬಗ್ದಾದಿ ಮತ್ತು ಸಂಗಡಿಗರು, ಸಿದ್ಧಾಂತದ ಲೆಕ್ಕವೂ ಉಪಗ್ರಹದ ಓದೂ ಒಂದಕ್ಕೊಂದು ಹೊಂದುವಂತೆ ಆ ದೂರಕ್ಕೆ ಯಾವ ಬೆಲೆ ಕೊಡಬೇಕೋ ಆ ಬೆಲೆಯನ್ನು ಕಂಡುಹಿಡಿದು, ಅಳೆದ ಬೆಲೆಯ ಸ್ಥಾನದಲ್ಲಿ ಅದನ್ನಿಡುವ ಕ್ರಮವನ್ನು ಬೆಳೆಸಿದರು. ತಾವು ಮಾಡುತ್ತಿರುವುದನ್ನು ಅವರು ಮರೆಮಾಚಿಲ್ಲ. ಮಣ್ಣಿನ ತೇವವನ್ನು ಅರಿಯುವುದು ಅವರ ಗುರಿ. ಒರಟುತನ ಅವರಿಗೆ ದಾರಿಯಲ್ಲಿ ಅಡ್ಡ ಬಂದ ಕಲ್ಲು. ಗುರಿ ಸಾಧಿಸಿದರೆ ವಿಧಾನ ಸಾರ್ಥಕ. ಆದರೆ ಹೀಗೆ ದೊರೆತ ಅಂಕಿ ಹೊಲದ ಸಾಕ್ಷ್ಯವಾಗಿ ಉಳಿಯುವುದಿಲ್ಲ. ರಾಜವಂಶದ ಕಾಲಗಣನೆಗೆ ಹೊಂದಲೆಂದು ಶಾಸನದ ಸವೆದ ತೇದಿಯನ್ನು ತಿದ್ದಿ ಓದಿ, ಅನಂತರ ಆ ತೇದಿಯಿಂದಲೇ ಕಾಲಗಣನೆಯನ್ನು ಸಮರ್ಥಿಸುವ ವಾದವನ್ನು ನಮ್ಮವರು ಮಾಡಿದಾಗ ನಾವು ಒಪ್ಪುವುದಿಲ್ಲ. ತಿದ್ದಿದ ಅಂಕಿ ತೇವದ ನಕ್ಷೆಗೆ ಬೇಕಾದಷ್ಟು ಉಪಯೋಗಕ್ಕೆ ಬರಲಿ. ಉಳುಮೆಯ ಚರಿತ್ರೆಗೆ ಅದನ್ನು ಆಕರವೆಂದು ಕೊಡಬಾರದು.

ತೇವವನ್ನೂ ಒರಟುತನವನ್ನೂ ಬೇರೆಬೇರೆ ಅಜ್ಞಾತಗಳೆಂದು ಸಮೀಕರಣದಲ್ಲಿಡುವ ಪದ್ಧತಿಯ ಮೇಲೆಯೂ ನಮಗೊಂದು ಸಂದೇಹವಿದೆ. ನೆಲ ತೇವವಾದರೂ ಚಿತ್ರದ ಹೊಳಪು ಹೆಚ್ಚುತ್ತದೆ, ಒರಟಾದರೂ ಹೆಚ್ಚುತ್ತದೆ. ಆದ್ದರಿಂದ ಒಂದನ್ನು ತಿಳಿಯದೆ ಇನ್ನೊಂದನ್ನು ತಿಳಿಯಲಾಗದೆಂಬುದು ಈ ಶಾಸ್ತ್ರದ ಹಳೆಯ ಗೋಳು. ನಮ್ಮ ಬಯಲುಸೀಮೆಯ ರೈತನು ಇವೆರಡನ್ನೂ 'ಹದ'ವೆಂಬ ಒಂದೇ ಮಾತಿನಲ್ಲಿ ಹಿಡಿಯುತ್ತಾನೆ. ಕಪ್ಪು ಮಣ್ಣನ್ನು ಒಣಗಿದಾಗ ಉತ್ತರೆ ಹೆಂಟೆ ಏಳುತ್ತದೆ. ಹಸಿ ಮಿಕ್ಕಿದ್ದಾಗ ಉತ್ತರೆ ಮುದ್ದೆಯಾಗಿ ನೇಗಿಲಿಗೆ ಹತ್ತುತ್ತದೆ. ಹದದಲ್ಲಿ ಉತ್ತರೆ ಪುಡಿಯಾಗಿ ಬೀಳುತ್ತದೆ. ಅಂದಮೇಲೆ ಇಂದು ಕಾಣುವ ಒರಟುತನವು ಉತ್ತ ದಿನದ ತೇವದ ದಾಖಲೆ. ಇಂದಿನ ತೇವ ಇಂದಿನದು. ಎರಡು ದಿನಗಳ ಸಾಕ್ಷ್ಯ ಒಂದೇ ಹೊಳಪಿನಲ್ಲಿ ಬೆರೆತಿದೆ. ಇದನ್ನು ಬಿಡಿಸಲು ಉತ್ತ ದಿನ ಗೊತ್ತಿರಬೇಕು. ಸಮೀಕರಣಕ್ಕೆ ದಿನದ ಹಂಗಿಲ್ಲ.

ಮಳೆಯ ಕೆಲಸವೂ ಇದರೊಡನೆ ಸೇರುತ್ತದೆ. ಬಿದ್ದ ಮಳೆ ಒಟ್ಟುಗೂಡಿದಂತೆಲ್ಲ ಹೆಂಟೆಗಳು ಕರಗಿ ನೆಲ ನುಣುಪಾಗುವ ಪರಿಯನ್ನು ಜೋಬೆಕ್ ಮತ್ತು ಆನ್‌ಸ್ಟಾಡ್ 1987ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಕ್ರೋಡೀಕರಿಸಿ ತೋರಿಸಿದರು. ಒಂದು ಸೆಂಟಿನೆಲ್ ಉಪಗ್ರಹ ಒಂದೇ ಪಥಕ್ಕೆ ಮರಳುವುದು 12 ದಿನಕ್ಕೊಮ್ಮೆ. ಆ ನಡುವೆ ಉತ್ತು, ಮಳೆ ಬಂದು, ಕುಂಟೆ ಹೊಡೆದು ಮುಗಿದಿದ್ದರೆ ಮೂರು ಘಟನೆಗಳಲ್ಲಿ ಒಂದು ಮಾತ್ರ ಉಳಿದಿರುತ್ತದೆ.

ಹಾಗಾದರೆ ನೆಲದ ಉಬ್ಬುತಗ್ಗು ಚರಿತ್ರೆಗೆ ಒದಗದೆಂದು ನಮ್ಮ ತಾತ್ಪರ್ಯವಲ್ಲ. ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಉಳಿದಿರುವ ಹಳೆಯ ದಿಂಡುಸಾಲುಗಳನ್ನು ಬೆರೆಸ್‌ಫರ್ಡ್ 1948ರಲ್ಲಿ ಪುರಾತನ ಜಮೀನು ನಕ್ಷೆಗಳೊಡನೆ ಹೋಲಿಸಿ, ಅವು ಮಧ್ಯಯುಗದ ಬಯಲುಬೇಸಾಯದ ಪಟ್ಟಿಗಳೆಂದು ವಾದಿಸಿದನು. 1951ರಲ್ಲಿ ಕೆರಿಡ್ಜ್ ಅದನ್ನು ವಿರೋಧಿಸಿ, ನೀರು ಬಸಿಯಲೆಂದು ಬೇಲಿಯೊಳಗಿನ ಹೊಲಗಳಲ್ಲಿಯೂ ಅಂಥ ದಿಂಡುಗಳನ್ನು ಮಾಡುತ್ತಿದ್ದರೆಂದು ಎತ್ತಿ ತೋರಿಸಿದನು. ವಾದ ಯಾರ ಪರವಾಗಿ ನಿಂತಿತೆಂಬುದು ಇಲ್ಲಿ ಮುಖ್ಯವಲ್ಲ. ಇಬ್ಬರೂ ದಿಂಡಿನ ಅಗಲ, ಬಾಗು, ದಿಕ್ಕು, ಅದು ಇರುವ ಹೊಲದ ದಾಖಲೆ ಇವುಗಳನ್ನು ಕುರಿತು ವಾದಿಸಲು ಸಾಧ್ಯವಾದುದು, ಅವೆಲ್ಲ ಉಳಿದಿದ್ದುದರಿಂದ. ಸರಾಸರಿ ಅಂಕಿಯೊಂದರ ಮೇಲೆ ಅಂಥ ವಾದ ಹುಟ್ಟುವುದಿಲ್ಲ.

ನಮ್ಮ ನಾಡಿನಲ್ಲಿ ಈ ಪರೀಕ್ಷೆಗೆ ಒಂದು ಒಳ್ಳೆಯ ಅವಕಾಶವುಂಟು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಯಾವ ಬೆಳೆಗೆ ಯಾವ ಕಾಲದಲ್ಲಿ ಎಷ್ಟು ಬಾರಿ ಉಳುತ್ತಾರೆಂಬುದನ್ನು ಊರೂರುಗಳಲ್ಲಿ ಕೇಳಿ ಬರೆದುಕೊಂಡನು. ಅವನ ಗ್ರಂಥ 1807ರಲ್ಲಿ ಪ್ರಕಟವಾಯಿತು. ರೈತನು ಹೇಳಿದ ಲೆಕ್ಕ ಅದು. ಅದೇ ಸೀಮೆಯ ಇಂದಿನ ಉಳುಮೆಯ ಪಂಚಾಂಗವನ್ನು ರೇಡಾರ್ ಚಿತ್ರಗಳ ಏರಿಳಿತದಿಂದ ಕಟ್ಟಿ, ಎರಡನ್ನೂ ಹೋಲಿಸಬಹುದು. ಅದಕ್ಕೆ ಹೊಲದ ನಿರಪೇಕ್ಷ ಒರಟುತನ ಬೇಕಿಲ್ಲ. ಒಂದೇ ಪಥ, ಒಂದೇ ಕೋನ, ಒಂದೇ ತರಂಗದಲ್ಲಿ ಹೊಳಪು ಯಾವಾಗ ಥಟ್ಟನೆ ಬದಲಾಯಿತು, ಆ ದಿನಗಳಲ್ಲಿ ಮಳೆ ಬಿದ್ದಿತೇ ಇಲ್ಲವೇ ಎಂಬುದು ಸಾಕು. ಅಂಕಿಯ ಬೆಲೆಗಿಂತ ಅದು ಬದಲಾದ ತೇದಿಯಲ್ಲಿ ನಮಗೆ ಹೆಚ್ಚು ನಂಬಿಕೆ. ಇನ್ನು ಡ್ರೋನಿನಿಂದ ತೆಗೆದ ಚಿತ್ರಗಳನ್ನು ಜೋಡಿಸಿಯೂ ಲೇಸರಿನಿಂದಲೂ ನೆಲದ ಎತ್ತರಗಳ ಇಡೀ ಜಾಲವನ್ನೇ ಪಡೆಯುವ ಹೊಸ ವಿಧಾನಗಳು ದಿಕ್ಕು ಅಂತರಗಳನ್ನೆಲ್ಲ ಉಳಿಸಬಲ್ಲವು. ಅಲ್ಲಿಯೂ ಒರಟುತನದ ಒಂದು ಅಂಕಿಯನ್ನು ಪ್ರಕಟಿಸಿ ಜಾಲವನ್ನು ಅಳಿಸಿಬಿಡುವವರಿದ್ದಾರೆ. ಶಾಸನದ ಸಾರಾಂಶವನ್ನು ಅಚ್ಚು ಹಾಕಿಸಿ ಪ್ರತಿಮುದ್ರೆಯನ್ನು ಒಲೆಗಿಟ್ಟಂತಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ಲೋಪವನ್ನೂ ಹೇಳಬೇಕು. 2023ರ ಮೇ ತಿಂಗಳಲ್ಲಿ ನಾವು ಕೆಲವು ವಿದ್ಯಾರ್ಥಿಗಳೊಡನೆ ಕಪ್ಪು ಮಣ್ಣಿನ ಊರೊಂದಕ್ಕೆ ಹೋಗಿ, ಚೌಕಳಿ ಗೆರೆ ಬರೆದ ಮೀಟರುದ್ದದ ಹಲಗೆಯನ್ನು ಹೊಲದಲ್ಲಿ ನೆಟ್ಟು, ಅದರ ಮುಂದಿನ ಮಣ್ಣಿನ ಅಂಚನ್ನು ಚಿತ್ರ ತೆಗೆದು 22 ಪಾರ್ಶ್ವರೇಖೆಗಳನ್ನು ತಂದೆವು. ಹೊಲದೊಡೆಯರಾದ ಹಿರಿಯರೊಬ್ಬರು ಬಹಳ ಹೊತ್ತು ನೋಡುತ್ತ ನಿಂತು, "ಮಾಸ್ತರ, ಇದು ಮೊನ್ನಿ ಮಳೀಗೆ ಕರಗಿದ ನೆಲ. ನಾ ಹೊಡದ ನೆಲಾ ನಿಮಗ ಇದರಾಗ ಸಿಗಂಗಿಲ್ಲ" ಎಂದರು. ಮಳೆಯ ದಿನವನ್ನು ಕೇಳಿ ಬರೆದುಕೊಂಡೆವು. ಊರಿಗೆ ಮರಳಿ ಹಾಳೆಗಳನ್ನು ಹರಡಿದಾಗ, ಹಲಗೆಯನ್ನು ಯಾವ ದಿಕ್ಕಿಗೆ ನೆಟ್ಟೆವೆಂಬ ಗುರುತು 6ರಲ್ಲಿ ಮಾತ್ರ ಇದ್ದಿತು. ರಂಟೆಯಿಂದ ಉತ್ತದ್ದೋ ಟ್ರ್ಯಾಕ್ಟರಿನಿಂದ ಉತ್ತದ್ದೋ ಎಂಬುದು 9ರಲ್ಲಿ. ದಿಕ್ಕಿಲ್ಲದ 16 ಹಾಳೆಗಳನ್ನು ಯಾವ ಉಪಗ್ರಹದ ಚಿತ್ರದೊಡನೆಯೂ ಹೋಲಿಸುವಂತಿಲ್ಲ. ಬರುವ ಬೇಸಗೆಯಲ್ಲಿ ಅದೇ ಹೊಲಗಳಿಗೆ ದಿಕ್ಸೂಚಿಯೊಡನೆ ಮತ್ತೆ ಹೋಗಲಿದ್ದೇವೆ. ಅವುಗಳಲ್ಲಿ ಎರಡು ಹೊಲಗಳಿಗೆ ಕೊಳವೆಬಾವಿಯ ನೀರು ಬಂದು ಈಗ ಕಬ್ಬು ನಿಂತಿದೆಯೆಂದು ವರ್ತಮಾನ ಬಂದಿದೆ.